ಕಿಲ್ಟ್‌ಗೆ ಪ್ಲೇಸ್‌ಮೆಂಟ್ ಶೂ ಸಾಕು

ಹೋದ ತಿಂಗಳು ನಮ್ಮ ಬ್ರಾಂಚಿನ ವಾಟ್ಸಾಪ್ ಗ್ರೂಪಿಗೆ ಗ್ಲಾಸ್ಗೋದಿಂದ ಒಂದು ಫೋಟೋ ಬಂತು. ಅಲ್ಲಿ ಮಾಸ್ಟರ್ಸ್ ಮಾಡ್ತಿರೋ ನಮ್ಮ ಸೀನಿಯರ್ ಒಬ್ಬರ ರೂಮ್‌ಮೇಟ್‌ಗೆ ಮದುವೆ. ಗಂಡಿನ ಕಡೆಯವರೆಲ್ಲ ಕಿಲ್ಟ್ ಉಡ್ತಾರೆ, ನೀನೂ ಉಡು ಅಂತ ಮದುಮಗನ ಅಣ್ಣ ತಮ್ಮ ಹಳೇ ಕಿಲ್ಟು, ಕೋಟು, ಸೊಂಟದ ಚೀಲ ಎಲ್ಲಾ ಕೊಟ್ಟಿದ್ದಾರೆ. ಸೊಂಟದ ಅಳತೆಯನ್ನ ಪಟ್ಟಿ ಎಳೆದು ಸರಿಮಾಡ್ಕೋಬಹುದು, ಕಾಲಿನ ಅಳತೆಗೆ ಆ ಅನುಕೂಲ ಇಲ್ಲ. "ಲೋ, ಇದಕ್ಕೆ ಯಾವ ಶೂ ಹಾಕೋದ್ರೋ?" ಅನ್ನೋದು ಅವರ ಪ್ರಶ್ನೆ.

ಮೊದಲ ಹತ್ತು ನಿಮಿಷ ಬಂದಿದ್ದೆಲ್ಲ ಸ್ಕರ್ಟ್ ಜೋಕು. ಆಮೇಲೆ ಇಂಟರ್ನಲ್ಸಿಗೆ ಓದೋದು ಬಿಟ್ಟು ನಾವು ನಾಲ್ಕು ಜನ ಕಿಲ್ಟ್ ಬಗ್ಗೆ ಓದೋಕೆ ಕೂತ್ವಿ. ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಉಡುಪಿನ ನಿಯಮಗಳಲ್ಲಿ ಎರಡು ಜಾತಿ. ಕೆಲವು ಕೆಲಸದಿಂದ ಹುಟ್ಟಿದವು, ಕೆಲವು ತೋರಿಕೆಯಿಂದ. ಮೊದಲನೆಯದನ್ನ ಕಲೀಬೇಕು. ಎರಡನೆಯದಕ್ಕೋಸ್ಕರ ಯಾರನ್ನೂ ಹೊರಗೆ ನಿಲ್ಲಿಸಬಾರದು.

ಸೊಂಟದ ಚೀಲದಿಂದಲೇ ಶುರು ಮಾಡೋಣ. ಅದರ ಹೆಸರು ಸ್ಪೋರನ್. ಗೇಲಿಕ್ ಭಾಷೆಯಲ್ಲಿ ಈ ಪದದ ಅರ್ಥವೇ ಹಣದ ಚೀಲ. ಕಿಲ್ಟ್‌ಗೆ ಜೇಬಿಲ್ಲ, ಅದಕ್ಕೇ ಚೀಲ. ಹಗಲಿಗೆ ಸಾದಾ ಚರ್ಮದ್ದು, ರಾತ್ರಿ ಪಾರ್ಟಿಗೆ ತುಪ್ಪಳದ್ದು ಅಂತ ಒಂದು ರೂಢಿ. ಇದು ತೋರಿಕೆ. ಬೆಲ್ಟಿನ ಬಕಲ್‌ಗಿಂತ ಸುಮಾರು ಒಂದು ಅಂಗೈ ಕೆಳಗೆ ತೂಗಬೇಕು, ಕುಣಿಯುವಾಗ ಪಕ್ಕಕ್ಕೆ ಸರಿಸ್ಕೋಬೇಕು. ಇದು ಕೆಲಸ. ಯಾಕೆ ಅಂತ ಸರಿಸದೆ ಕುಣಿದವರಿಗೆ ಗೊತ್ತಾಗುತ್ತೆ!

ಬೆಲ್ಟೂ ಅಷ್ಟೆ. ಕಿಲ್ಟನ್ನ ಹಿಡಿದಿಡೋದು ಅದರದ್ದೇ ಪಟ್ಟಿ, ಬಕಲ್‌ಗಳು. ಬೆಲ್ಟ್ ಅಲಂಕಾರಕ್ಕೆ. ಒಳಗೆ ವೇಸ್ಟ್‌ಕೋಟ್ ಹಾಕಿದ್ರೆ ಬೆಲ್ಟ್ ಬೇಡ, ಎರಡೂ ಸೇರಿದ್ರೆ ಹೊಟ್ಟೆ ಮುಂದೆ ಒಂದು ದಿಬ್ಬ ಎದ್ದಂಗೆ ಕಾಣುತ್ತೆ. ಉದ್ದ ಉಣ್ಣೆ ಸಾಕ್ಸನ್ನ ಮಂಡಿಗಿಂತ ಮೂರು ನಾಲ್ಕು ಬೆರಳು ಕೆಳಗೆ ಮಡಚಬೇಕು. ಜಾರದಿರಲಿ ಅಂತ ಒಳಗೆ ಪಟ್ಟಿ ಕಟ್ತಾರೆ. ಆ ಪಟ್ಟಿಯಿಂದ ಹೊರಗೆ ಇಣುಕೋ ಬಣ್ಣದ ತುಂಡಿಗೆ ಫ್ಲ್ಯಾಶ್ ಅಂತಾರೆ. ಸಾಕ್ಸಿನಲ್ಲಿ ಸಿಕ್ಕಿಸೋ ಪುಟ್ಟ ಚಾಕು ಸ್ಕೀಯನ್ ದೂ. ಬಲಗೈಯವರು ಬಲಗಾಲಿಗೆ ಸಿಕ್ಕಿಸ್ತಾರೆ. ಬಾಡಿಗೆಗೆ ಸಿಗೋ ಸೆಟ್‌ಗಳಲ್ಲಿ ಎಷ್ಟೋ ಸಲ ಅಲಗೇ ಇಲ್ಲದ ಪ್ಲಾಸ್ಟಿಕ್ ಹಿಡಿ ಮಾತ್ರ ಇರುತ್ತೆ. ಅದಿಲ್ಲ ಅಂತ ಯಾರ ಮದುವೆಯೂ ನಿಲ್ಲಲ್ಲ.

ಈಗ ಶೂ. ಕಿಲ್ಟ್ ಜೊತೆ ಹಾಕೋ ಹೆಸರಾಂತ ಶೂ ಗಿಲ್ಲಿ ಬ್ರೋಗ್. ಅದಕ್ಕೆ ಮುಂದುಗಡೆ ನಾಲಿಗೆ ಇರಲ್ಲ, ಉದ್ದ ಲೇಸನ್ನ ಹಿಮ್ಮಡಿಯ ಮೇಲೆ ಸುತ್ತಿ ಕಟ್ತಾರೆ. ಕೆಸರು ಗದ್ದೆ, ಜೌಗು ನೆಲದಲ್ಲಿ ನಡೆಯುವಾಗ ನೀರು ಹೊರಗೆ ಹೋಗಲಿ, ಲೇಸಿನ ಗಂಟು ಕೆಸರಿಗೆ ತಾಗದಿರಲಿ ಅಂತ ಹೀಗೆ ಅಂತಾರೆ. ಒಳ್ಳೇ ಡಿಸೈನ್. ಆದ್ರೆ ಮದುವೆ ಹಾಲ್‌ನಲ್ಲಿ ಜೌಗು ಎಲ್ಲಿಂದ ಬರಬೇಕು? ಪೂರ್ತಿ ಕಿಲ್ಟ್‌ಗೆ ಸಾಮಾನ್ಯವಾಗಿ 8 ಗಜ ಉಣ್ಣೆ ಬಟ್ಟೆ ಹೋಗುತ್ತೆ. ಅಷ್ಟು ಭಾರದ ಬಟ್ಟೆ ಕೆಳಗೆ ತೆಳ್ಳಗಿನ ರನ್ನಿಂಗ್ ಶೂ ಸಪ್ಪೆಯಾಗಿ ಕಾಣುತ್ತೆ, ನಿಜ. ಪಾಲಿಶ್ ಮಾಡಿದ ಕಪ್ಪು ಚರ್ಮದ ಲೇಸ್ ಶೂ ಚೆನ್ನಾಗೇ ನಿಲ್ಲುತ್ತೆ. "ಪ್ಲೇಸ್‌ಮೆಂಟಿಗೆ ತಗೊಂಡಿದ್ರಲ್ಲ, ಅದನ್ನೇ ಹಾಕ್ಕೊಳ್ಳಿ" ಅಂತ ನಾವು ತೀರ್ಪು ಕೊಟ್ವಿ.

"ಸಂಪ್ರದಾಯ ಕೆಡಿಸ್ತೀರಾ?" ಅಂತ ಗ್ರೂಪಲ್ಲಿ ಒಬ್ಬ ಕೇಳಿದ. ಯಾವ ಸಂಪ್ರದಾಯ? ಕಿಲ್ಟ್ ಮೊದಲು ಮೈಗೆಲ್ಲ ಸುತ್ತಿಕೊಳ್ಳೋ ಉದ್ದ ಕಂಬಳಿಯಂಥ ಬಟ್ಟೆ. ಸೊಂಟದ ಕೆಳಗಿನ ಭಾಗವನ್ನಷ್ಟೇ ಉಳಿಸಿದ್ದು ಥಾಮಸ್ ರಾಲಿನ್ಸನ್ ಅನ್ನೋ ಇಂಗ್ಲಿಷ್ ಉದ್ಯಮಿ, ತನ್ನ ಕಬ್ಬಿಣದ ಕುಲುಮೆಯ ಕೆಲಸಗಾರರಿಗೆ ಅನುಕೂಲ ಆಗಲಿ ಅಂತ, ಅನ್ನೋ ಕತೆ ಇದೆ. ಸ್ಕಾಟ್‌ಲೆಂಡಿನಲ್ಲಿ ಎಲ್ಲರೂ ಅದನ್ನ ಒಪ್ಪಲ್ಲ. 1746ರಲ್ಲಿ ಬ್ರಿಟಿಷ್ ಸರ್ಕಾರ ಹೈಲ್ಯಾಂಡಿನ ಗಂಡಸರಿಗೆ ಈ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ರೆ 6 ತಿಂಗಳು ಜೈಲು, ಎರಡನೇ ಸಲ 7 ವರ್ಷ ಗಡೀಪಾರು. ಸೈನಿಕರಿಗೆ ಮಾತ್ರ ವಿನಾಯಿತಿ. ಕಾನೂನು ರದ್ದಾಗಿದ್ದು 1782ರಲ್ಲಿ. ನಲವತ್ತೇ ವರ್ಷಕ್ಕೆ, 1822ರಲ್ಲಿ, ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ತಾನೇ ಕಿಲ್ಟ್ ಉಟ್ಟ! ಇವತ್ತಿನ ಮದುವೆ ಸೆಟ್ಟಿನ ಥಳುಕು ಬಹುಪಾಲು ಆಮೇಲಿನ ಸೈನ್ಯ ಮತ್ತು ಅರಮನೆ ಫ್ಯಾಷನ್ನಿಂದ ಬಂದದ್ದು. ಜೈಲಿಗೆ ಹೋದವರು ಯಾರೂ ಥಳುಕಿಗೋಸ್ಕರ ಹೋಗಲಿಲ್ಲ.

ಇವತ್ತು ಆ ಉಡುಪನ್ನ ಬದುಕಿಸಿರೋರು ಯಾರು ಅಂತ ನೋಡ್ಬೇಕಾದ್ರೆ ಸ್ಕಾಟ್‌ಲೆಂಡ್ ಫುಟ್‌ಬಾಲ್ ಅಭಿಮಾನಿಗಳನ್ನ ನೋಡಿ. ಟಾರ್ಟನ್ ಆರ್ಮಿ ಅಂತ ಅವರ ಹೆಸರು. ಮೇಲೆ ಟೀಮ್ ಜೆರ್ಸಿ, ಕೆಳಗೆ ಕಿಲ್ಟ್, ಹಿಮ್ಮಡಿಗೆ ಇಳಿದ ಸಾಕ್ಸ್, ದಪ್ಪ ಬೂಟು. ರೂಲ್ ಬುಕ್ ಪ್ರಕಾರ ಎಲ್ಲಾ ತಪ್ಪು. ಆದ್ರೆ 2024ರ ಯೂರೋ ಕಪ್ಪಿಗೆ ಜರ್ಮನಿಯ ಬೀದಿಗಳಲ್ಲಿ ಕಿಲ್ಟ್ ತುಂಬಿಸಿದವರು ಅವರೇ.

ಸೀನಿಯರ್ ಮದುವೆಗೆ ಹೋಗಿ ಬಂದ್ರು. ಶೂ ಕಡೆ ಯಾರೂ ನೋಡಲಿಲ್ವಂತೆ. ತಪ್ಪಾಗಿದ್ದು ಬೇರೆ ಕಡೆ. ಗಾಳಿಗೆ ಹಾರಬಾರದು ಅಂತ ಕಿಲ್ಟ್ ಪಿನ್ನನ್ನ ಎರಡೂ ಪದರ ಸೇರಿಸಿ ಚುಚ್ಚಿದ್ರು. ಒಬ್ಬ ಅಜ್ಜ ಪಕ್ಕಕ್ಕೆ ಕರೆದು ಬಿಚ್ಚಿಸಿ, ಹೊರಪದರಕ್ಕೆ ಮಾತ್ರ ಹಾಕಿಕೊಟ್ರಂತೆ. ಎರಡೂ ಸೇರಿಸಿದ್ರೆ ಕೂತಾಗ ಎಳೆದು ಬಟ್ಟೆ ಹರಿಯುತ್ತೆ. ಸ್ಟ್ರೆಸ್ ಕಾನ್ಸಂಟ್ರೇಷನ್ ಅಂತ ಈ ಸೆಮಿಸ್ಟರ್ ಓದ್ತಿದೀವಲ್ಲ, ಅದೇ. ಅಜ್ಜ ನಗಲಿಲ್ಲ, ಕಾರಣ ಹೇಳಿದ್ರು. ಆಮೇಲೆ ಕುಣಿಯೋಕೆ ಕಳಿಸಿದ್ರು.

ಇದನ್ನ ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಾದ್ವಿ. ಕಳೆದ ವರ್ಷ ಎತ್ನಿಕ್ ಡೇಗೆ ಪೋಸ್ಟರ್ ಬರೆದವರು ನಾವೇ. "ಪಂಚೆ ಜೊತೆ ಸ್ಪೋರ್ಟ್ಸ್ ಶೂ ಹಾಕಿದವರಿಗೆ ಸ್ಟೇಜ್ ಮೇಲೆ ಜಾಗ ಇಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿದ್ವಿ. ನಮ್ಮ ಕ್ಲಾಸಿನ ಒಬ್ಬ ಆ ದಿನ ಜೀನ್ಸ್‌ನಲ್ಲೇ ಬಂದು ಹಿಂದಿನ ಸಾಲಲ್ಲಿ ಕೂತಿದ್ದ. ಊರಲ್ಲಿ ರಜೆಗೆ ಹೋದಾಗೆಲ್ಲ ಪಂಚೆ ಉಡೋನು. ಅವನ ಹತ್ರ ಇದ್ದಿದ್ದು ಒಂದು ಜೊತೆ ಸ್ಪೋರ್ಟ್ಸ್ ಶೂ, ಒಂದು ಬಾತ್‌ರೂಮ್ ಚಪ್ಪಲಿ. ಆ ನಿಯಮಕ್ಕೆ ಕಾರಣ ಏನು ಅಂತ ಅವನು ಕೇಳಿದ್ದಿದ್ರೆ ನಮ್ಮ ಹತ್ರ ಉತ್ತರ ಇರಲಿಲ್ಲ.

ಈ ವರ್ಷದ ಪೋಸ್ಟರ್ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಆ ಸಾಲನ್ನ ತೆಗೆದಿದ್ದೀವಿ. ಪಂಚೆ ಕಟ್ಟೋಕೆ ಬರದವರು ಒಂದು ಗಂಟೆ ಮುಂಚೆ ಕ್ಲಬ್ ರೂಮಿಗೆ ಬನ್ನಿ. ಕಟ್ಟಿಕೊಡೋಕೆ ಅವನೇ ಒಪ್ಪಿದ್ದಾನೆ.