ಇಂದು ನಗದು, ನಾಳೆ ಉದ್ರಿ

ನಮ್ಮ ಊರಿನ ಪೇಟೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ನೋಡಿರಿ. ಅಂಗಡಿ ಅಂಗಡಿಯಲ್ಲಿಯೂ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಹಲಗೆ ಕಾಣುತ್ತದೆ: 'ಇಂದು ನಗದು, ನಾಳೆ ಉದ್ರಿ'. ಅಂಥದೇ ಒಂದು ಅಂಗಡಿಯ ಮೆಟ್ಟಿಲ ಬಳಿ, ಗಿರಾಕಿಗಳ ಗದ್ದಲ ಕಡಿಮೆಯಾಗಲೆಂದು ಕಾಯುತ್ತ, ಕೈಚೀಲ ಹಿಡಿದು ಒಬ್ಬ ಹೆಣ್ಣುಮಗಳು ನಿಂತಿರುತ್ತಾಳೆ. ಆಕೆ ಕೊಟ್ಟ ಶೇಂಗಾ ಚಟ್ನಿ, ಹಪ್ಪಳ, ಖಡಕ್ ರೊಟ್ಟಿ ಮಾರಿಹೋಗಿ ಎರಡು ತಿಂಗಳಾದವು. ಕೊಂಡವನು ಫೋನು ತೋರಿಸಿ ಕ್ಷಣದಲ್ಲಿ ಹಣ ಹಾಕಿ ಹೋದ. ಆ ಹಣ ಗಲ್ಲಾದಿಂದ ಆಕೆಯ ಕೈಗೆ ಬರಲು ಮಾತ್ರ ಎರಡು ತಿಂಗಳು ಸಾಲುವದಿಲ್ಲ. "ಈ ವಾರ ಆಗೂದಿಲ್ಲ ಅಕ್ಕಾ, ಮುಂದಿನ ವಾರ ಬರ್ರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಿರಾಕಿಗೆ ನಗದಿನ ಹಲಗೆ, ಅಕ್ಕನಿಗೆ ಉದ್ರಿಯ ಪಾಠ!

ಈ ಮಾತು ನಮ್ಮ ವಾಚಕರಲ್ಲಿಯೇ ಕೆಲವರಿಗೆ ಕಹಿಯೆನಿಸಬಹುದು. ಆದರೂ ಹೇಳಲೇಬೇಕಾಗಿದೆ. ಹೆಣ್ಣುಮಕ್ಕಳ ಸ್ವಂತ ಉದ್ಯೋಗಕ್ಕೆ ಪ್ರೋತ್ಸಾಹ ಕೊಡಬೇಕೆಂದು ಎಲ್ಲ ವೇದಿಕೆಗಳಿಂದಲೂ ಭಾಷಣಗಳಾಗುತ್ತವೆ. ಪ್ರದರ್ಶನಗಳು ನಡೆಯುತ್ತವೆ, ರಿಬ್ಬನ್ ಕತ್ತರಿಸಲಾಗುತ್ತದೆ, ಫೋಟೋ ತೆಗೆಯಲಾಗುತ್ತದೆ. ಆ ಪ್ರೋತ್ಸಾಹದ ಮೊದಲನೆಯ ಅರ್ಥ ಒಂದೇ: ಕೊಂಡ ಮಾಲಿಗೆ ಕೊಂಡ ದಿನವೇ ಹಣ ಕೊಡುವದು.

ಹಣ ತಡವಾದರೆ ಏನಾಗುತ್ತದೆ? ಆಕೆಯ ಬಂಡವಾಳವೆಂದರೆ ಒಂದು ಚೀಲ ಜೋಳ, ಕೆಲವು ಸೇರು ಶೇಂಗಾ, ಒಂದು ಹೊಲಿಗೆ ಯಂತ್ರ, ಇಲ್ಲವೆ ಒಂದು ಕಟ್ಟು ನೂಲು. ಅದು ಅಂಗಡಿಯ ಉದ್ರಿ ಪಟ್ಟಿಯಲ್ಲಿ ಸಿಕ್ಕಿಕೊಂಡರೆ ಮರುದಿನ ಒಲೆ ಹೊತ್ತಿಸಲು ಆಕೆ ಕಿರುಸಾಲದ ಗುಂಪಿಗೆ ಹೋಗಬೇಕು. ಅಲ್ಲಿ ವಾರದ ಕಂತು ಒಂದು ದಿನವೂ ಕಾಯುವದಿಲ್ಲ. ಕಿರುಸಾಲದ ವಸೂಲಿಗಾರರು ಮನೆ ಬಾಗಿಲಿಗೆ ಬಂದು ಮರ್ಯಾದೆ ಕಳೆಯುವದು ಎಷ್ಟರ ಮಟ್ಟಿಗೆ ಹೋಯಿತೆಂದರೆ, ಅದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಪೇಟೆಯ ಉದ್ರಿ ಮತ್ತು ಓಣಿಯ ಸಾಲ ಎರಡಲ್ಲ. ಅವು ಒಂದೇ ಹಗ್ಗದ ಎರಡು ತುದಿಗಳು.

ಇದು ನಾಲ್ಕಾರು ಮನೆಗಳ ಮಾತೇನೂ ಅಲ್ಲ. 2013-14ರ ಆರನೆಯ ಆರ್ಥಿಕ ಗಣತಿಯ ಪ್ರಕಾರ ದೇಶದಲ್ಲಿ ಹೆಣ್ಣುಮಕ್ಕಳ ಒಡೆತನದ ಉದ್ಯಮಗಳು 80 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ನೂರಕ್ಕೆ 83ರಲ್ಲಿ ಕೂಲಿಗೆ ತೆಗೆದುಕೊಂಡ ಆಳು ಒಬ್ಬರೂ ಇಲ್ಲ. ಅಂದರೆ ಒಡತಿಯೂ ಅವಳೇ, ಕೂಲಿಯೂ ಅವಳೇ. 2019-20ರ ಕೈಮಗ್ಗ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ 35 ಲಕ್ಷ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಹೆಣ್ಣುಮಕ್ಕಳು. ಗಿರಣಿಯ ಸಂಬಳ ಹತ್ತು ದಿನ ತಡವಾದರೆ ನಾವು ಬಾಗಿಲ ಮುಂದೆ ಧರಣಿ ಕೂಡುತ್ತೇವೆ. ಅದು ನ್ಯಾಯವೇ. ಆದರೆ ಮನೆಯಲ್ಲಿಯೇ ಗಿರಣಿ ನಡೆಸುವ ಈ ದುಡಿಮೆಗಾರ್ತಿ ಯಾರ ಬಾಗಿಲ ಮುಂದೆ ಕೂಡಬೇಕು?

ನಗದಿನ ಬಲವೇನೆಂಬುದನ್ನು ತಿಳಿಯಬೇಕಾದರೆ ಲಿಜ್ಜತ್ ಹಪ್ಪಳದ ಕಥೆಯನ್ನು ನೆನೆಯಬೇಕು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನದ ಮಾಲು ನಾಲ್ಕು ಪೊಟ್ಟಣ. ನಷ್ಟವಾದರೂ ಸರಿ, ಯಾರಿಂದಲೂ ದಾನ ಬೇಡುವದಿಲ್ಲವೆಂದು ಅವರು ಮೊದಲೇ ನಿಶ್ಚಯಿಸಿದ್ದರು. ಇಂದು ಅದರ ಸದಸ್ಯೆಯರು 40 ಸಾವಿರಕ್ಕೂ ಹೆಚ್ಚು. ಅಲ್ಲಿ ದುಡಿಯುವವರೆಲ್ಲರೂ ಒಡತಿಯರು. ಹಿಟ್ಟನ್ನು ಶಾಖೆಯಲ್ಲಿ ಕಲಸಿ ಕೊಡುತ್ತಾರೆ. ಅಕ್ಕಂದಿರು ಮನೆಗೊಯ್ದು ಲಟ್ಟಿಸಿ, ಒಣಗಿಸಿ, ಮರುದಿನ ತಂದು ಒಪ್ಪಿಸುತ್ತಾರೆ. ಒಪ್ಪಿಸಿದಾಗಲೇ ಕೂಲಿ ಎಣಿಸಿಕೊಳ್ಳುತ್ತಾರೆ. ಇದು ಹೇಗೆ ಸಾಧ್ಯವಾಯಿತು? ಅವರ ಹಪ್ಪಳವನ್ನು ಅಂಗಡಿಗಳಿಗೆ ಮುಟ್ಟಿಸುವ ವಿತರಕನು ಮೊದಲು ಠೇವಣಿ ಇಡಬೇಕು, ಮಾಲು ಎತ್ತುವಾಗ ನಗದು ಕೊಡಬೇಕು. ಉದ್ರಿಯ ಮಾತಿಲ್ಲ. ಲಟ್ಟಿಸುವ ಕೈಗೆ ಹಣ ಆಗಿಂದಾಗಲೇ ಬರಲು ಕಾರಣ ಕೊಳ್ಳುವ ಕೈಯಿಂದ ಅದು ಆಗಿಂದಾಗಲೇ ಹೊರಡುತ್ತದೆ ಎಂಬುದೇ.

ಇದಕ್ಕೆ ತದ್ವಿರುದ್ಧವಾದ ಕಥೆ ನಮ್ಮ ನಾಡಿನಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ, ಹೆಗ್ಗೋಡಿನ ಹತ್ತಿರ, ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ ಹಳ್ಳಿಯ ಹೆಣ್ಣುಮಕ್ಕಳು 'ಚರಕ' ಎಂಬ ಸಹಕಾರಿ ಸಂಘ ಕಟ್ಟಿದರು. ನೇಯ್ಗೆ, ಸಹಜ ಬಣ್ಣ, ಹೊಲಿಗೆ ಎಲ್ಲವೂ ಅವರದೇ. ಅವರ ಬಟ್ಟೆ 'ದೇಸಿ' ಎಂಬ ಹೆಸರಿನಲ್ಲಿ ಊರೂರಿಗೆ ಹೋಯಿತು. ಆದರೆ 2020ರಲ್ಲಿ ಲಾಕ್‌ಡೌನಿನಿಂದ ಮಾರಾಟ ನಿಂತಿತು, ಸರ್ಕಾರದಿಂದ ಬರಬೇಕಾದ ನೆರವೂ ಬರಲಿಲ್ಲ. ಆ ವರ್ಷ ಸಂಘವು ತಾನು ದಿವಾಳಿಯೆಂದು ತಾನೇ ಸಾರಬೇಕಾಯಿತು. ಕಸುಬು ಇತ್ತು, ಒಳ್ಳೆಯ ಹೆಸರು ಇತ್ತು, ಕೈಯಲ್ಲಿ ಬಟ್ಟೆಯೂ ಇತ್ತು. ಇಲ್ಲದಿದ್ದದ್ದು ಸಕಾಲಕ್ಕೆ ಬರುವ ಹಣ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಳ್ಳಲ್ಲ.

ಸರ್ಕಾರದಲ್ಲಿ ಕಾಯದೆಗಳಿಗೇನೂ ಕೊರತೆಯಿಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವನು ಕರಾರಿಲ್ಲದಿದ್ದರೆ 15 ದಿನಗಳಲ್ಲಿ, ಕರಾರಿದ್ದರೂ 45 ದಿನಗಳ ಒಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಜರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಆ ರಕ್ಷಣೆ ಸಿಗಲು ಉದ್ಯಮದ ಹೆಸರು ದಾಖಲಾಗಿರಬೇಕು. 2020ರಿಂದ ಇರುವ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ. ಇದನ್ನು ನಮ್ಮ ಓಣಿಯಲ್ಲಿ ಎಷ್ಟು ಮಂದಿಗೆ ಯಾರು ತಿಳಿಸಿದ್ದಾರೆ? ಕೇಂದ್ರ ಸರ್ಕಾರದ ಇಲಾಖೆಗಳೂ ಸರ್ಕಾರಿ ಕಂಪನಿಗಳೂ ತಮ್ಮ ಖರೀದಿಯಲ್ಲಿ ನೂರಕ್ಕೆ 3ರಷ್ಟನ್ನು ಹೆಣ್ಣುಮಕ್ಕಳ ಒಡೆತನದ ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕೆಂದು 2018ರಲ್ಲಿ ಗೊತ್ತುಮಾಡಲಾಯಿತು. ನೂರಕ್ಕೆ ಮೂರು! ಅದಾದರೂ ನಮ್ಮ ಜಿಲ್ಲೆಗೆ ಎಷ್ಟು ಮುಟ್ಟಿದೆಯೆಂದು ಜನಪ್ರತಿನಿಧಿಗಳು ಲೆಕ್ಕ ಕೊಡಲಿ.

ಇನ್ನು ಅಂಗಡಿಯವರ ಮಾತನ್ನೂ ಕೇಳೋಣ. "ನಮಗೇ ಉದ್ರಿ ತೀರುತ್ತಿಲ್ಲ, ನಾವೆಲ್ಲಿಂದ ಕೊಡೋಣ?" ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಗಿರಣಿಯ ಸಂಬಳ ತಡವಾದರೆ ಕಾಮಗಾರನ ಖಾತೆ ಏರುತ್ತದೆ, ಖಾತೆ ಏರಿದರೆ ಅಂಗಡಿಯ ಗಲ್ಲಾ ಬರಿದಾಗುತ್ತದೆ, ಕಡೆಗೆ ಹೊಡೆತ ಬೀಳುವದು ಹಪ್ಪಳದ ಅಕ್ಕನಿಗೆ. ಆದರೆ ಒಂದು ಮಾತು ಕೇಳುತ್ತೇವೆ. ದೊಡ್ಡ ಕಂಪನಿಯ ಸಾಬೂನು, ಬಿಸ್ಕಿಟು ತರುವ ಮನುಷ್ಯನಿಗೆ "ಮುಂದಿನ ವಾರ ಬರ್ರಿ" ಎಂದು ಎರಡು ತಿಂಗಳು ಹೇಳುವ ಎದೆಗಾರಿಕೆ ಯಾರಿಗಿದೆ? ಹೇಳಿದರೆ ಅವನು ಮಾಲು ನಿಲ್ಲಿಸುತ್ತಾನೆ. ಅಕ್ಕನು ನಿಲ್ಲಿಸಲಾರಳೆಂದು ನಮಗೆ ಗೊತ್ತಿದೆ. ಬಲ್ಲಿದನಿಗೆ ನಗದು, ಬಡವಿಗೆ ಉದ್ರಿ: ಇದು ವ್ಯಾಪಾರದ ನೀತಿಯಲ್ಲ, ಹೆದರಿಕೆಯ ನೀತಿ. ಹೆಚ್ಚು ಮಾಲು ಬೇಡವಾದರೆ ಕಡಿಮೆ ಕೊಳ್ಳಿರಿ. ಇಪ್ಪತ್ತು ಪೊಟ್ಟಣ ಉದ್ರಿಗೆ ಇಟ್ಟುಕೊಳ್ಳುವದಕ್ಕಿಂತ ಐದು ಪೊಟ್ಟಣ ನಗದಿಗೆ ಕೊಳ್ಳುವದು ಆಕೆಗೂ ಮೇಲು, ನಿಮಗೂ ಮೇಲು.

ಕಾಮಗಾರ ಬಂಧುಗಳಿಗೂ ಒಂದು ಮಾತು. ಆಕೆಯ ಮಾಲಿಗೆ ನಾಲ್ಕು ರೂಪಾಯಿ ಹೆಚ್ಚೆಂದು ಗೊಣಗುವ ಮುನ್ನ ನಮ್ಮ ಮಜೂರಿಯ ಹೋರಾಟವನ್ನು ನೆನೆಯೋಣ. ನಮ್ಮ ಬೆವರಿಗೆ ಸರಿಯಾದ ಬೆಲೆ ಕೇಳುವ ನಾವು ಅವರ ಬೆವರಿನಲ್ಲಿ ರಿಯಾಯತಿ ಕೇಳಬಾರದು. ಸಂಬಳದ ದಿನ ಅಂಗಡಿಯ ಖಾತೆಯನ್ನು ಆದಷ್ಟು ತೀರಿಸುವದೂ ಆಕೆಗೆ ಮಾಡುವ ಉಪಕಾರವೇ.

ಹಣದ ಜೊತೆಗೆ ಹೆಸರೂ ಬೇಕು. ಅಕ್ಕಂದಿರು ಮಾಡಿದ ಮಾಲಿಗೆ ಬೇರೆಯವರು ತಮ್ಮ ಚೀಟಿ ಅಂಟಿಸಿ ಮಾರುವದು ನಿಲ್ಲಬೇಕು. ಚೀಟಿಯ ಮೇಲೆ ಹೆಸರು ಯಾರದೋ, ಗಿರಾಕಿಯೂ ಅವರವನೇ. ತಯಾರಿಸಿದವರ ಸಂಘದ ಹೆಸರು ಪೊಟ್ಟಣದ ಮೇಲಿದ್ದರೆ ಅಂಗಡಿ ಬದಲಾದರೂ ಗಿರಾಕಿ ಅವರನ್ನು ಹುಡುಕಿಕೊಂಡು ಹೋಗುತ್ತಾನೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಸಮಾಜವಾದಿ ಚಳವಳಿಯಲ್ಲಿ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಕಸುಬಿನವರಿಗೆ ಬೇಕಾದದ್ದು ಕರುಣೆಯಲ್ಲ, ವರ್ಷವಿಡೀ ನಡೆಯುವ ಮಾರುಕಟ್ಟೆ ಎಂಬುದನ್ನು ಅವರ ದುಡಿಮೆ ತೋರಿಸಿಕೊಟ್ಟಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಒಂದು, ಪೇಟೆಯ ವರ್ತಕರ ಸಂಘವು ಸಭೆ ಸೇರಿ, ಮನೆಯಲ್ಲಿ ತಯಾರಾದ ಮಾಲಿಗೆ ಅಂದೇ ಹಣ ಕೊಡುವ ನಿರ್ಣಯ ಮಾಡಲಿ. ಎರಡು, ಕಾಮಗಾರರ ಸಂಘದ ಕಚೇರಿಯಲ್ಲಿ ವಾರಕ್ಕೊಂದು ದಿನ ಕುಳಿತು ಅಕ್ಕಂದಿರ ನೋಂದಣಿ ಕಾಗದ ತುಂಬಿಕೊಡೋಣ. ಮೂರು, ಒಂಟಿಯಾಗಿ ಮಾರುವವರು ಕೂಡಿ ಸಹಕಾರಿ ಸಂಘ ಕಟ್ಟಲಿ. 1974ರಲ್ಲಿ ಅಹಮದಾಬಾದಿನಲ್ಲಿ 4,000 ದುಡಿಮೆಗಾರ್ತಿಯರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ 'ಸೇವಾ' ಬ್ಯಾಂಕು ಕಟ್ಟಿಕೊಂಡರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಅಂಗಡಿಯ ಹಲಗೆಯನ್ನು ಕಿತ್ತುಹಾಕಿರೆಂದು ನಾವು ಹೇಳುವದಿಲ್ಲ. ಅದು ಒಳ್ಳೆಯ ಹಲಗೆ. ಗಿರಾಕಿಯ ಕಡೆಗೆ ಮಾತ್ರ ಮುಖಮಾಡಿರುವ ಅದನ್ನು ಇಂದು ಸಂಜೆ ಒಮ್ಮೆ ನಿಮ್ಮ ಕಡೆಗೂ ತಿರುಗಿಸಿ ಓದಿಕೊಳ್ಳಿರಿ. ಮೆಟ್ಟಿಲ ಬಳಿ ಕಾಯುತ್ತಿರುವ ಆ ಅಕ್ಕನನ್ನು ಕರೆದು ಆಕೆಯ ಲೆಕ್ಕ ತೀರಿಸಿರಿ.