ಕಪಾಟಿನ ಹಳೆಯ ಲೆನ್ಸೂ ನಮ್ಮ ಹೊಸ ಪರಿಗ್ರಹವೂ

ಚಳಿಗಾಲ ಬಂತೆಂದರೆ ನಂದಿಬೆಟ್ಟದ ಹಾದಿಯಲ್ಲಿ ಬೆಳಗಿನ ಜಾವದಲ್ಲಿಯೇ ಕ್ಯಾಮರಾ ಹೊತ್ತವರ ಸಾಲು ಕಾಣತೊಡಗುತ್ತದೆ. 1,478 ಮೀಟರ್ ಎತ್ತರದ ಈ ಬೆಟ್ಟದ ಮರಗಳಲ್ಲಿ ಆ ತಿಂಗಳುಗಳಲ್ಲಿ ದೂರದೇಶದ ವಲಸೆ ಹಕ್ಕಿಗಳು ಬಂದು ತಂಗುತ್ತವೆ. ಬಂಡೆಗಳ ನಡುವಣ ಕುರುಚಲಿನಲ್ಲಿ, ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರ ವಾಸಿಸುತ್ತದೆ. ಕ್ಯಾಮರಾ ಹೊತ್ತವರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಸಮಾಜದ ಯುವಕರೂ ಇದ್ದಾರೆ. ಹಕ್ಕಿಯನ್ನು ಪಂಜರದಲ್ಲಿ ನೋಡುವುದಕ್ಕಿಂತ ಕೊಂಬೆಯ ಮೇಲೆ ನೋಡಲು ಬಯಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರ ಹೆಗಲ ಮೇಲಿನ ಭಾರವನ್ನೂ, ಆ ಭಾರವು ಅವರಿಂದ ಮಾಡಿಸುತ್ತಿರುವ ಕೃತ್ಯಗಳನ್ನೂ ಕಂಡಾಗ ನಾಲ್ಕು ಕಟುವಾದ ಮಾತುಗಳನ್ನಾಡದೆ ವಿಧಿಯಿಲ್ಲ.

ಕಳೆದ ವರ್ಷ ಶಿಡ್ಲಘಟ್ಟದಿಂದ ನನ್ನ ತಮ್ಮನ ಮಗ ಮನೆಗೆ ಬಂದಿದ್ದ. "ದೊಡ್ಡಪ್ಪ, ಇರುವ ಲೆನ್ಸು ಹಳತಾಯಿತು. ಹೊಸದೊಂದು ತೆಗೆದುಕೊಳ್ಳಬೇಕು, ಅಪ್ಪನಿಗೆ ನೀವೇ ಒಂದು ಮಾತು ಹೇಳಿ" ಎಂದ. ಹಳತಾದದ್ದರ ವಯಸ್ಸು ಎರಡು ವರ್ಷ. ಬೇಕಾದದ್ದರ ಬೆಲೆ ಲಕ್ಷ ರೂಪಾಯಿಗಿಂತ ಹೆಚ್ಚು. ನಾನು ಕಪಾಟನ್ನು ತೆರೆದು, 1980ರ ಸುಮಾರಿಗೆ ಕೊಂಡಿದ್ದ 300 ಮಿಲಿಮೀಟರ್ ಟೆಲಿಫೋಟೋ ಲೆನ್ಸನ್ನು ಅವನ ಮುಂದಿಟ್ಟೆ. "ಇದರಲ್ಲಿ ಆಟೋಫೋಕಸ್ ಇಲ್ಲವಲ್ಲ ದೊಡ್ಡಪ್ಪ" ಎಂದು ನಕ್ಕ. "ಇಲ್ಲ, ನಿನಗೆ ಕೈಯಿದೆಯಲ್ಲ" ಎಂದೆ.

ಕೈಯಿಂದ ತಿರುಗಿಸಿ ಫೋಕಸ್ ಮಾಡುವ ಹಳೆಯ ಲೆನ್ಸು ಇಂದಿನ ಡಿಜಿಟಲ್ ಕ್ಯಾಮರಾಕ್ಕೆ ಹೊಂದುವುದಿಲ್ಲವೆಂಬ ನಂಬಿಕೆಯಿಂದ ಲಾಭ ಪಡೆಯುವವರು ಅಂಗಡಿಯವರು ಮಾತ್ರ. ವಸ್ತುಸ್ಥಿತಿ ಬೇರೆ. ಒಳಗೆ ಕನ್ನಡಿಯಿಲ್ಲದ ಈಗಿನ ಮಿರರ್‌ಲೆಸ್ ಕ್ಯಾಮರಾಗಳಲ್ಲಿ ಲೆನ್ಸು ಕೂರುವ ಬಾಯಿಗೂ ಚಿತ್ರ ಮೂಡುವ ಸೆನ್ಸರಿಗೂ ನಡುವೆ ಸುಮಾರು 16ರಿಂದ 20 ಮಿಲಿಮೀಟರ್ ಅಂತರವಿರುತ್ತದೆ. ಫಿಲ್ಮ್ ಕಾಲದ ಲೆನ್ಸುಗಳಿಗೆ ಇದಕ್ಕಿಂತ ಹೆಚ್ಚಿನ ಅಂತರ ಬೇಕು. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟಿಗೆ 46.5 ಮಿಲಿಮೀಟರ್. ಈ ವ್ಯತ್ಯಾಸವನ್ನು ತುಂಬಲು ಒಳಗೆ ಗಾಜಿಲ್ಲದ ಒಂದು ಟೊಳ್ಳು ಲೋಹದ ಬಳೆ ಸಾಕು. ಲೆನ್ಸಿಲ್ಲದೆಯೂ ಶಟರ್ ಬೀಳುವಂತೆ ಕ್ಯಾಮರಾದಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಬೇಕು, ಅಷ್ಟೆ. ಫೋಕಸ್ ಕೂಡಿದ ಅಂಚುಗಳನ್ನು ಕ್ಯಾಮರಾವೇ ಬಣ್ಣದ ಗೆರೆಯಿಂದ ತೋರಿಸುತ್ತದೆ. ಬೇಕಾದರೆ ಹಕ್ಕಿಯ ಕಣ್ಣನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಬಹುದು. ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರಿನ ಮೇಲೆ 300 ಮಿಲಿಮೀಟರ್ ಲೆನ್ಸು, ಫಿಲ್ಮಿನ ಕಾಲದ 450 ಮಿಲಿಮೀಟರ್ ಲೆನ್ಸಿನಷ್ಟೇ ದೃಶ್ಯವನ್ನು ಹಿಡಿಯುತ್ತದೆ. ಅಪರ್ಚರನ್ನು ಒಂದು ಹಂತ ಕಿರಿದು ಮಾಡಿ, ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟರೆ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ. ಕನ್ನಡಿಯುಳ್ಳ ಡಿಜಿಟಲ್ ಕ್ಯಾಮರಾ ಇರುವವರು ಮಾತ್ರ ತಿಳಿದವರನ್ನು ಕೇಳಿ ಜೋಡಿಸಬೇಕು. 1977ಕ್ಕೆ ಹಿಂದಿನ ಕೆಲವು ನಿಕಾನ್ ಲೆನ್ಸುಗಳನ್ನು ನೇರವಾಗಿ ಕೂರಿಸಿದರೆ ಕ್ಯಾಮರಾ ಕೆಡುವ ಸಂಭವವುಂಟು.

ಆಟೋಫೋಕಸ್ ಕ್ಯಾಮರಾಗಳು ವ್ಯಾಪಕವಾಗಿ ಪ್ರಚಾರಕ್ಕೆ ಬಂದದ್ದು 1985ರ ನಂತರ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರು ಅದಕ್ಕೆ ಬಹಳ ಮೊದಲೇ ವನ್ಯಜೀವಿ ಛಾಯಾಚಿತ್ರಗಳಿಂದ ಹೆಸರು ಗಳಿಸಿದ್ದರು. ಅಂಥವರಿಗೆ ಕೈಬೆರಳೇ ಸಾಕಾಗಿತ್ತು. ನಮ್ಮ ಹುಡುಗರಿಗೆ ಸಾಲದಾಗಿದೆಯೆಂದರೆ ಕೊರತೆ ಯಾವುದರಲ್ಲಿದೆ ಎಂಬುದನ್ನು ಓದುಗರೇ ವಿಚಾರ ಮಾಡಬೇಕು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಹಾರುವ ಹಕ್ಕಿಯ ಚಿತ್ರ ಹಳೆಯ ಲೆನ್ಸಿಗೆ ತಪ್ಪಿಹೋಗುತ್ತದೆ ಎನ್ನುತ್ತಾರೆ. ನಿಜ, ಬಹುಪಾಲು ತಪ್ಪುತ್ತದೆ, ತಪ್ಪಲಿ. ತಪ್ಪಿದ ಚಿತ್ರದಿಂದ ಹಕ್ಕಿಗೆ ನಷ್ಟವಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: 600 ಮಿಲಿಮೀಟರಿನ ಹೊಸ ಲೆನ್ಸಿದ್ದರೆ ಇನ್ನೂ ದೂರದಲ್ಲಿ ನಿಲ್ಲಬಹುದಲ್ಲವೇ? ನಿಲ್ಲಬಹುದು; ಆದರೆ ನಿಲ್ಲುವವರನ್ನು ನಾನು ಕಂಡದ್ದು ಕಡಿಮೆ. ಲೆನ್ಸು ಉದ್ದವಾದಷ್ಟೂ ಆಸೆಯೂ ಉದ್ದವಾಗುತ್ತದೆ; ಚೌಕಟ್ಟಿನ ತುಂಬ ಹಕ್ಕಿ ಬೇಕು, ಆಮೇಲೆ ಹಕ್ಕಿಯ ಕಣ್ಣೇ ಬೇಕು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ನಿರ್ಣಯಿಸಬೇಕಾದದ್ದು ಹಕ್ಕಿ, ಲೆನ್ಸಲ್ಲ. ಅದು ಮೇವು ಬಿಟ್ಟು ತಲೆಯೆತ್ತಿ ನಮ್ಮತ್ತ ನೋಡಿತೆಂದರೆ ನಾವು ಮಿತಿ ಮೀರಿದೆವೆಂದೇ ಅರ್ಥ. ಆ ಮಿತಿಯ ಹೊರಗೆ ನಿಂತಾಗ ಚಿತ್ರದಲ್ಲಿ ಹಕ್ಕಿ ಸಣ್ಣದಾಗಿ ಬಂದರೆ ಸಣ್ಣದಾಗಿಯೇ ಇರಲಿ. ಅದರ ಸುತ್ತಣ ಬಂಡೆ, ಕೊಂಬೆ, ಆಕಾಶಗಳೂ ಅದರ ಬದುಕೇ ಅಲ್ಲವೇ?

ಕ್ಯಾಮರಾವೇ ಹಿಂಸೆಯ ಸಾಧನವೆಂದು ಹೇಳುವ ಹಿರಿಯರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ತೋರಿಸಿಕೊಟ್ಟ ವಿಧಾನದಿಂದ ಮೊದಲ್ಗೊಂಡು, ಛಾಯಾಚಿತ್ರದ ಫಲಕ, ಫಿಲ್ಮು, ಕಾಗದಗಳ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಟ್ಟಿರುವುದು ಜೆಲಟಿನ್. ಅದನ್ನು ತೆಗೆಯುವುದು ಪ್ರಾಣಿಗಳ ಮೂಳೆ ಮತ್ತು ಚರ್ಮಗಳಿಂದ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಕಣ್ಣಾರೆ ಕಂಡು, ಪೂಜೆಗೆ ರೇಷ್ಮೆ ಸಲ್ಲದೆಂದು ವಾದಿಸುವ ನಾವು ಈ ವಿಷಯವನ್ನು ಒಂದು ದಿನವೂ ಎತ್ತಲಿಲ್ಲ. ಆದರೆ ಆ ದೋಷ ಫಿಲ್ಮಿನದು, ಲೆನ್ಸಿನದಲ್ಲ. ಲೆನ್ಸು ಗಾಜು ಮತ್ತು ಲೋಹ. ಡಿಜಿಟಲ್ ಸೆನ್ಸರು ಬಂದು ಫಿಲ್ಮನ್ನು ಬದಿಗೆ ಸರಿಸಿದ್ದರಿಂದ ಹಳೆಯ ಲೆನ್ಸು ಆ ಸಹವಾಸದಿಂದ ಮುಕ್ತವಾಗಿದೆ. ಆದರೂ ಲ್ಯಾಬುಗಳಲ್ಲಿ ಬೆಳ್ಳಿಲವಣದ ಕಾಗದದ ಮೇಲೆ ಮಾಡಿಸುವ ಪ್ರತಿಗಳಲ್ಲಿ ಇಂದಿಗೂ ಜೆಲಟಿನ್ ಇದೆಯೆಂಬುದನ್ನು ಮರೆಯಬಾರದು.

ಈಗ ಮುಖ್ಯವಾದ ದೂರಿಗೆ ಬರುತ್ತೇನೆ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ, ಎದುರಾಳಿ ಬಂತೆಂಬ ಭ್ರಮೆಯಿಂದ ಅದು ಹೊರಬರುವಂತೆ ಮಾಡುವುದು. ಹುಳು ಚೆಲ್ಲಿ ಕರೆಯುವುದು. ಗೂಡನ್ನು ಮರೆಮಾಡಿದ ರೆಂಬೆಯನ್ನು ಬಾಗಿಸಿ ಕಟ್ಟುವುದು — ಇವೆಲ್ಲ ಚಿತ್ರದ ಹೆಸರಿನಲ್ಲಿ ನಡೆಯುತ್ತಿವೆ. ಮರೆ ತೆರೆದ ಗೂಡಿನ ಮರಿ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬ ಪದದ ಅರ್ಥವಿವರಣೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಕಾನೂನು ಯಾವುದನ್ನು ಬೇಟೆಯೆಂದು ಕರೆಯಿತೋ ಅದನ್ನು ನಾವು ಕಲೆಯೆಂದು ಕರೆದು ಬಹುಮಾನ ಕೊಡುತ್ತಿದ್ದೇವೆ!

ನಾವು ಎಂದೆ; ಏಕೆಂದರೆ ಹೊಣೆ ಯುವಕರದು ಮಾತ್ರವಲ್ಲ. ತಾಯಿಹಕ್ಕಿ ಮರಿಗೆ ತುತ್ತಿಡುವ ಚಿತ್ರವನ್ನು ಆರಿಸಿ, ಕೆಳಗೆ 'ಅಹಿಂಸಾ ಪರಮೋ ಧರ್ಮಃ' ಎಂದು ಅಚ್ಚು ಹಾಕಿಸಿದ ಕ್ಯಾಲೆಂಡರುಗಳು ನಮ್ಮ ಗೋಡೆಗಳ ಮೇಲೆಯೇ ತೂಗುತ್ತಿವೆ. ಆ ಚಿತ್ರ ಹೇಗೆ ದೊರೆಯಿತೆಂದು ಕೇಳಿದವರೆಷ್ಟು ಮಂದಿ? ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಬಾಲ್ಯದಿಂದ ಕಲಿತವರು ನಾವು. ರೆಂಬೆ ಕಟ್ಟಿದವನದು ಕೃತವಾದರೆ, ಚಿತ್ರವನ್ನು ಮೆಚ್ಚಿ ಅಚ್ಚು ಹಾಕಿಸಿದವರದು ಅನುಮೋದನೆ.

ಗೌರಿಬಿದನೂರಿನ ಆಚೆ ಗಡಿ ದಾಟಿದರೆ ಆಂಧ್ರದ ಚಿಲಮತ್ತೂರು ಮಂಡಲದಲ್ಲಿ ವೀರಾಪುರವೆಂಬ ಹಳ್ಳಿಯಿದೆ. ಅಲ್ಲಿಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದಲ್ಲಿಯೇ ಗೂಡು ಕಟ್ಟುತ್ತವೆ. ಊರಿನವರು ತಲೆತಲಾಂತರದಿಂದ ಅವುಗಳನ್ನು ಕಾಯುತ್ತ ಬಂದಿದ್ದಾರೆ. ಇಂಥ ಕಡೆ ಬೀದಿಯಲ್ಲಿ ನಿಂತು ಹಳೆಯ ಲೆನ್ಸಿನಿಂದ ಬೇಕಾದಷ್ಟು ನೋಡಬಹುದು. ಮರ ಹತ್ತುವ, ಕಲ್ಲೆಸೆದು ಹಾರಿಸುವ ಅಗತ್ಯವೇ ಇಲ್ಲ.

ಇನ್ನೊಂದು ಎಚ್ಚರಿಕೆ. ಹಳೆಯ ಲೆನ್ಸು ಅಗ್ಗವೆಂದು ಹತ್ತು ಕೊಂಡು ಕಪಾಟು ತುಂಬಿಸುವ ಹವ್ಯಾಸವೂ ಈಗ ಬೆಳೆದಿದೆ. ಅದೂ ಪರಿಗ್ರಹವೇ, ಹಳತೆಂಬ ಕಾರಣಕ್ಕೆ ಪುಣ್ಯವಾಗುವುದಿಲ್ಲ. ಇರುವುದನ್ನು ಬಳಸಬೇಕು, ಕಾಪಾಡಬೇಕು. ತೇವವಿರುವ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿನ ಮೇಲೆ ಬೂಷ್ಟು ಹಬ್ಬುತ್ತದೆ. ಬೂಷ್ಟೂ ಜೀವವೇ ಆದ್ದರಿಂದ ಬೆಳೆದ ಮೇಲೆ ಒರೆಸುವುದಕ್ಕಿಂತ, ಒಣ ಗಾಳಿಯಾಡುವ ಕಡೆ ಇಟ್ಟು ಆಗಾಗ ಉಪಯೋಗಿಸುತ್ತ ಬೆಳೆಯದಂತೆ ನೋಡಿಕೊಳ್ಳುವುದೇ ಯತ್ನಾಚಾರ.

ಬಸದಿಗಳ ಟ್ರಸ್ಟಿನವರಲ್ಲಿ ನನ್ನ ವಿನಂತಿ ಮೂರು. ಗೂಡಿನ ಚಿತ್ರಗಳನ್ನು ಕ್ಯಾಲೆಂಡರಿಗೂ ಸ್ಪರ್ಧೆಗೂ ಸ್ವೀಕರಿಸಬೇಡಿ. ಉತ್ಸವದ ಆಲ್ಬಮ್ ಮಾಡಿಸುವಾಗ ಕಾಗದ ಯಾವುದೆಂದು ಲ್ಯಾಬಿನವರನ್ನು ಕೇಳಿ ತಿಳಿಯಿರಿ. ಮನೆಗಳಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಲೆನ್ಸುಗಳನ್ನು ದಾನವಾಗಿ ಪಡೆದು, ಗ್ರಂಥಾಲಯದ ಪುಸ್ತಕದಂತೆ ಯುವಕರಿಗೆ ಎರವಲು ಕೊಡಿ. ಹತ್ತು ಮನೆಗೆ ಒಂದು ಲೆನ್ಸು ಸಾಕು.

ನನ್ನ ತಮ್ಮನ ಮಗ ಆ ದಿನ ಲೆನ್ಸನ್ನು ಮನಸ್ಸಿಲ್ಲದ ಮನಸ್ಸಿನಿಂದ ಒಯ್ದ. ಮೂರು ತಿಂಗಳಾದ ಮೇಲೆ ಬಂದು ಚಿತ್ರಗಳನ್ನು ತೋರಿಸಿದ. ನೂರರಲ್ಲಿ ತೊಂಬತ್ತು ಮಸುಕಾಗಿದ್ದವು. ಉಳಿದವುಗಳಲ್ಲಿ ಒಂದರಲ್ಲಿ ಪಿಕಳಾರವೊಂದು ಬಂಡೆಯ ಮೇಲೆ, ಅಂಗೈಯಲ್ಲಿನ ಕಾಳಿನಷ್ಟು ಸಣ್ಣದಾಗಿ, ನಿಶ್ಚಿಂತೆಯಿಂದ ರೆಕ್ಕೆ ತೀಡಿಕೊಳ್ಳುತ್ತಿತ್ತು. "ನಾನು ಇದ್ದದ್ದು ಅದಕ್ಕೆ ಗೊತ್ತೇ ಆಗಲಿಲ್ಲ ದೊಡ್ಡಪ್ಪ" ಎಂದ. ನಮ್ಮ ಕ್ಯಾಲೆಂಡರುಗಳಲ್ಲಿ ಅಚ್ಚಾಗಬೇಕಾದದ್ದು ಇಂಥ ಚಿತ್ರ.