ವೆಸ್ತಾದೇವಿಯ ಒಲೆ

ಪ್ರಾಚೀನ ರೋಮನರಿಗೆ ವೆಸ್ತಾದೇವಿಯು ಒಲೆಯ ಅಧಿದೇವತೆ. ಆಕೆಯ ಗುಡಿಯಲ್ಲಿ ವಿಗ್ರಹವಿರಲಿಲ್ಲ. ಉರಿಯುವ ಬೆಂಕಿಯೇ ದೇವಿಯೆಂದು ಓವಿಡ್ ಕವಿಯು ತನ್ನ ‘ಫಾಸ್ತಿ’ ಕಾವ್ಯದಲ್ಲಿ ಹೇಳಿರುವನು. ಲ್ಯಾಟಿನ್ ಭಾಷೆಯ ‘ಇಗ್ನಿಸ್’ ಎಂಬುದು ನಮ್ಮ ‘ಅಗ್ನಿ’ ಶಬ್ದಕ್ಕೆ ಸಜಾತೀಯವು. ಆ ಬೆಂಕಿಯು ನಂದಿದರೆ, ಅರಣಿಯನ್ನು ಮಥಿಸುವಂತೆಯೇ, ಶುಭವೃಕ್ಷದ ಹಲಗೆಯನ್ನು ಮಥಿಸಿ ಹೊಸ ಬೆಂಕಿಯನ್ನು ಪಡೆಯುತ್ತಿದ್ದರು.

ಆದರೆ ಅದನ್ನು ಕಾಯುತ್ತಿದ್ದವರಾರು? 6ರಿಂದ 10 ವರ್ಷದ ವಯಸ್ಸಿನಲ್ಲಿಯೇ ತಾಯ್ಮನೆಯನ್ನು ಬಿಡಿಸಿ ತಂದ ಕನ್ಯೆಯರು. 30 ವರ್ಷಗಳ ಸೇವೆ. ಬೆಂಕಿಯು ನಂದಿದರೆ ಚಾವಟಿಯ ಏಟು. ಬ್ರಹ್ಮಚರ್ಯವು ಕೆಟ್ಟರೆ ಜೀವಂತ ಸಮಾಧಿ. ರಾಜ್ಯದ ಒಲೆಯನ್ನು ಕಾದ ಈ ಹೆಣ್ಣುಮಕ್ಕಳಿಗೆ ಅಷ್ಟು ಕಾಲವೂ ತಮ್ಮದೆಂಬ ಒಲೆಯಿರಲಿಲ್ಲ.

ವಾಚಕರೇ, ಒಲೆಯನ್ನು ಪೂಜಿಸುವವರು ಅದರ ಮುಂದೆ ಬೇಯುವವರ ಸುಖದುಃಖವನ್ನೂ ವಿಚಾರಿಸಬೇಕಲ್ಲವೆ? ಅದಿಲ್ಲದ ಪೂಜೆಯು ಅಪೂರ್ಣವೆಂದೇ ನಾವು ಭಾವಿಸುತ್ತೇವೆ.